ಬ್ರೇಕ್‌ಔಟ್ ಎಲ್ಲಿ ಕೆಡುತ್ತಿದೆ? ಐಸ್ ಹಾಕಿ ಅಭ್ಯಾಸದಲ್ಲಿ ದೋಷ ಹುಡುಕುವ ಬಗೆ

ಬ್ರೇಕ್‌ಔಟ್ ಅಂದರೆ ಪಕ್ ಅನ್ನು, ಅಂದರೆ ಆಟದ ರಬ್ಬರ್ ಬಿಲ್ಲೆಯನ್ನು, ನಮ್ಮ ಗೋಲಿನ ವಲಯದಿಂದ ಹೊರಗೆ ತರುವುದು. ಅದನ್ನು ಹಲಗೆಯ ಮೇಲೆ ಬಾಣದ ಗುರುತು ಹಾಕಿ ತೋರಿಸಿದಾಗ ಎಲ್ಲರೂ ತಲೆಯಾಡಿಸಿದ್ದರು. ಅಭ್ಯಾಸದಲ್ಲೂ ಐದು ಜನ ನೀರು ಕುಡಿದಷ್ಟು ಸುಲಭವಾಗಿ ಪಕ್ ಹೊರಗೆ ತಂದರು. ಪಂದ್ಯದಲ್ಲಿ ಮಾತ್ರ ಅದು ನಮ್ಮ ನೀಲಿ ಗೆರೆ, ಅಂದರೆ ನಮ್ಮ ವಲಯದ ಗಡಿ, ದಾಟುವುದೇ ಇಲ್ಲ. ಗೋಡೆಯ ಹತ್ತಿರ ಸಿಕ್ಕಿಹಾಕಿಕೊಳ್ಳುತ್ತದೆ, ಎದುರಾಳಿಯ ಸ್ಟಿಕ್ಕಿಗೆ ಹೋಗುತ್ತದೆ, ಇಲ್ಲವೇ ಯಾರೋ ಗಾಬರಿಯಲ್ಲಿ ಉದ್ದಕ್ಕೆ ಹೊಡೆದು ಐಸಿಂಗ್ (ಯಾರೂ ಮುಟ್ಟದೆ ಎದುರಾಳಿಯ ಗೋಲ್ ಗೆರೆ ದಾಟುವ ತಪ್ಪು) ಆಗುತ್ತದೆ. ತರಬೇತಿ ಕೊಡುವವರಿಗೆಲ್ಲ ಇಂಥ ಸಂಜೆಗಳು ಗೊತ್ತು, ಅಲ್ವಾ?

ಇಂಥ ಹೊತ್ತಿನಲ್ಲಿ ಹೊಸ ಡ್ರಿಲ್ ಹುಡುಕಿಕೊಂಡು ಹೋಗಬೇಡಿ. ಇರುವ ಡ್ರಿಲ್ ಯಾಕೆ ಕೈಕೊಡುತ್ತಿದೆ ಅಂತ ಮೊದಲು ನೋಡೋಣ. ಇಷ್ಟು ವರ್ಷಗಳಲ್ಲಿ ನನಗೆ ಮತ್ತೆ ಮತ್ತೆ ಕಂಡದ್ದು ಒಂದೇ: ಪಕ್ ಕಳೆದುಹೋದ ಜಾಗ ಬೇರೆ, ತಪ್ಪು ನಡೆದ ಜಾಗ ಬೇರೆ. ಕಳೆದುಹೋಗುವುದು ಗೋಡೆಯ ಪಕ್ಕ, ವಿಂಗರ್‌ನ, ಅಂದರೆ ಬದಿಯಲ್ಲಿ ಆಡುವ ಫಾರ್ವರ್ಡ್‌ನ, ಸ್ಟಿಕ್ಕಿನಿಂದ. ತಪ್ಪು ನಡೆದಿರುವುದು ಅದಕ್ಕೂ ಎರಡು ಮೂರು ಸೆಕೆಂಡ್ ಮುಂಚೆ, ಬಹಳ ಸಲ ಡಿಫೆಂಡರ್ ಪಕ್ ಮುಟ್ಟುವ ಮೊದಲೇ.

ಒಂದು ತಂಡದಲ್ಲಿ ನಾನು ಆರು ವಾರ ಎಡ ವಿಂಗರ್‌ನನ್ನು ಬದಲಿಸುತ್ತಲೇ ಇದ್ದೆ. ಯಾರನ್ನು ಹಾಕಿದರೂ ಅದೇ ಕಥೆ. ಕೊನೆಗೆ ಗೋಲಿನ ಹಿಂದೆ ಹೋಗಿ ನಿಂತು ನೋಡಿದಾಗ ಗೊತ್ತಾಯಿತು: ಪಾಸ್ ಹೊರಡುವ ಹೊತ್ತಿಗೇ ವಿಂಗರ್ ಮೇಲೆ ಎದುರಾಳಿ ಬಂದುಬಿಟ್ಟಿರುತ್ತಿದ್ದ. ಆ ಹುಡುಗರ ಮೇಲೆ ಸುಮ್ನೆ ತಪ್ಪು ಹೊರಿಸಿದ್ದೆ. ಆ ಬೇಸರ ಇವತ್ತಿಗೂ ಇದೆ.

ಮೊದಲು ನಿಲ್ಲುವ ಜಾಗ ಬದಲಿಸಿ

ನಾವು ಸಾಮಾನ್ಯವಾಗಿ ರಿಂಕಿನ ಮಧ್ಯದಲ್ಲಿ ನಿಂತು ಶಿಳ್ಳೆ ಊದುತ್ತೇವೆ. ಅಲ್ಲಿಂದ ಪಾಸ್‌ಗಳು ಕಾಣುತ್ತವೆ, ಆಟಗಾರರ ಕಣ್ಣು ಕಾಣುವುದಿಲ್ಲ. ದೋಷ ಹುಡುಕುವ ದಿನ ಗೋಲ್ ಗೆರೆಯ ಹತ್ತಿರ, ಮೂಲೆಗೆ ಸರಿದು ನಿಲ್ಲಿ. ಸಹಾಯಕರಿದ್ದರೆ ಶಿಳ್ಳೆ ಅವರ ಕೈಗೆ ಕೊಡಿ.

ಆಮೇಲೆ ಒಂದೇ ಬ್ರೇಕ್‌ಔಟ್ ಅನ್ನು ಮೂರು ಬಗೆಯಲ್ಲಿ ಓಡಿಸಿ. ಮೊದಲು ಎದುರಾಳಿ ಯಾರೂ ಇಲ್ಲದೆ. ನಂತರ ಒತ್ತಡ ಹಾಕಲು ಒಬ್ಬ ಫೋರ್‌ಚೆಕರ್. ನಂತರ ಇಬ್ಬರು. ಪ್ರತಿ ಸಲ ಐದಾರು ಪಕ್ ಸಾಕು. ಎದುರಾಳಿ ಇಲ್ಲದೆಯೇ ಕೆಡುತ್ತಿದ್ದರೆ ಅದು ಕೈಕೆಲಸದ ತೊಂದರೆ: ಪಾಸ್ ಕೊಡುವುದು, ಹಿಡಿಯುವುದು, ಸ್ಕೇಟಿಂಗ್. ಒಬ್ಬ ಬಂದಾಗ ಕೆಟ್ಟರೆ ಡಿಫೆಂಡರ್ ಪಕ್ ತೆಗೆದುಕೊಳ್ಳುವ ರೀತಿಯನ್ನು ನೋಡಿ. ಇಬ್ಬರು ಬಂದಾಗ ಮಾತ್ರ ಕೆಟ್ಟರೆ ಬೆಂಬಲಕ್ಕೆ ಬರಬೇಕಾದವರು, ಅಂದರೆ ಸೆಂಟರ್ (ಮಧ್ಯದಲ್ಲಿ ಆಡುವ ಫಾರ್ವರ್ಡ್) ಮತ್ತು ಇನ್ನೊಬ್ಬ ಡಿಫೆಂಡರ್, ತಪ್ಪು ಜಾಗದಲ್ಲಿರುತ್ತಾರೆ. ಈ ಪರೀಕ್ಷೆಗೆ ಹತ್ತು ನಿಮಿಷ ಹಿಡಿಯುತ್ತದೆ, ಅಷ್ಟೇ.

ಇನ್ನೊಂದು ಗಮನಿಸಿ. ಒಂದೇ ಬದಿಯಲ್ಲಿ ಕೆಡುತ್ತಿದೆಯಾ? ಹಾಗಿದ್ದರೆ ಯಾರು ಎಡಗೈ ಹೊಡೆತದವರು, ಯಾರು ಬಲಗೈ ಹೊಡೆತದವರು ನೋಡಿ. ಬಲಗೈ ಹೊಡೆತದವನನ್ನು ಎಡ ವಿಂಗ್‌ನಲ್ಲಿ ಹಾಕಿದರೆ ಕೆಳಗಿಂದ, ಅಂದರೆ ನಮ್ಮ ಗೋಲಿನ ಕಡೆಯಿಂದ, ಗೋಡೆಗುಂಟ ಬರುವ ಪಾಸ್ ಅವನ ಬ್ಯಾಕ್‌ಹ್ಯಾಂಡಿಗೆ (ಬ್ಲೇಡಿನ ಹಿಂಬದಿಗೆ) ಬರುತ್ತದೆ. ಅದನ್ನು ಹಿಡಿಯಬಹುದು, ಆದರೆ ಬೇರೆಯಾಗಿ ಕಲಿಸಬೇಕು. ತಾನಾಗಿ ಬರುವುದಿಲ್ಲ.

ಒಬ್ಬ ಫೋರ್‌ಚೆಕರ್ ಬಂದ ಕೂಡಲೇ ಎಲ್ಲ ಚೆಲ್ಲಾಪಿಲ್ಲಿ

ನಾನು ನೋಡಿದ ತೊಂದರೆಗಳಲ್ಲಿ ಇದೇ ಜಾಸ್ತಿ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಪಕ್ ಮೂಲೆಗೆ ಬಿದ್ದಿದೆ. ಡಿಫೆಂಡರ್ ತಿರುಗಿ ಅದರ ಹಿಂದೆ ಹೊರಟಿದ್ದಾಳೆ. ನೀವು ಮೂಲೆಯಲ್ಲಿದ್ದೀರಿ, ಅವಳು ನಿಮ್ಮ ಕಡೆಗೇ ಬರುತ್ತಿದ್ದಾಳೆ. ಈಗ ಅವಳ ಹೆಲ್ಮೆಟ್ ನೋಡಿ. ಅದು ಒಂದು ಸಲವಾದರೂ ಭುಜದ ಕಡೆ ಹೊರಳಿತಾ? ಮೂಲೆ ಮುಟ್ಟುವವರೆಗೂ ಮುಖ ಪಕ್ ಮೇಲೇ ನೆಟ್ಟಿದ್ದರೆ ಅವಳಿಗೆ ಬೆನ್ನ ಹಿಂದೆ ಏನಿದೆ ಗೊತ್ತಿಲ್ಲ. ಫೋರ್‌ಚೆಕರ್ ಒಳಗಿನಿಂದ ಬರುತ್ತಿದ್ದಾನಾ, ಗೋಡೆಯ ಕಡೆಯಿಂದಾ, ಅಥವಾ ಇನ್ನೂ ನೀಲಿ ಗೆರೆಯ ಹತ್ತಿರವೇ ಇದ್ದಾನಾ, ಯಾವುದೂ ತಿಳಿದಿಲ್ಲ. ಪಕ್ ಮುಟ್ಟಿದ ಮೇಲೆ ತಲೆ ಎತ್ತುತ್ತಾಳೆ, ನೋಡುತ್ತಾಳೆ, ಯೋಚಿಸುತ್ತಾಳೆ. ಅಷ್ಟರಲ್ಲಿ ಸ್ಟಿಕ್ ಬಂದು ಕೈಗೆ ಬಡಿಯುತ್ತದೆ. ಗಾಬರಿಯಲ್ಲಿ ಗೋಡೆಗುಂಟ ಜೋರಾಗಿ ತಳ್ಳುತ್ತಾಳೆ. ವಿಂಗರ್ ಮಂಡಿಯೆತ್ತರಕ್ಕೆ ಪುಟಿಯುವ ಪಕ್ ಹಿಡಿಯಲಾಗದೆ ಬಿಡುತ್ತಾನೆ. ಬೆಂಚಿನಿಂದ ನೋಡಿದವರು ವಿಂಗರ್‌ಗೆ ಬೈಯುತ್ತಾರೆ.

ಪಕ್ ಮುಟ್ಟುವ ಮೊದಲು ಕನಿಷ್ಠ ಎರಡು ಸಲ ಭುಜದ ಮೇಲಿಂದ ನೋಡಬೇಕು. ಮೊದಲ ಸಲ ಯಾರು ಬರುತ್ತಿದ್ದಾರೆ ಅಂತ, ಎರಡನೇ ಸಲ ಎಲ್ಲಿ ಜಾಗವಿದೆ ಅಂತ. ಬಾಯಲ್ಲಿ ಹೇಳಿದರೆ ಸಾಲದು. "ನೋಡು, ನೋಡು" ಅಂತ ಕೂಗಿದರೆ ಆಟಗಾರರು ಕತ್ತು ಮಾತ್ರ ಹೊರಳಿಸುತ್ತಾರೆ, ಕಣ್ಣು ಏನನ್ನೂ ಹಿಡಿಯುವುದಿಲ್ಲ. ನಾನು ಮಾಡುವುದು ಇಷ್ಟು: ಸಹಾಯಕರೊಬ್ಬರು ಡಿಫೆಂಡರ್‌ನ ಹಿಂದೆ, ಮೇಲಿನ ಕಡೆ (ಎದುರಾಳಿಯ ಗೋಲಿನ ದಿಕ್ಕಿಗೆ) ನಿಂತು ಬೆರಳು ಎತ್ತಿ ತೋರಿಸುತ್ತಾರೆ. ಪಕ್ ಮುಟ್ಟುವ ಮೊದಲು ಎಷ್ಟು ಬೆರಳು ಅಂತ ಡಿಫೆಂಡರ್ ಕೂಗಿ ಹೇಳಬೇಕು. ಎರಡು ಬೆರಳಾದರೆ ಬಲಕ್ಕೆ, ಒಂದಾದರೆ ಎಡಕ್ಕೆ ಹೋಗಬೇಕು. ನಾಲ್ಕೈದು ಅಭ್ಯಾಸ ಕಳೆದ ಮೇಲೆ ಬೆರಳಿನ ಬದಲು ನಿಜವಾದ ಫೋರ್‌ಚೆಕರ್ ಹಾಕಿ. ಅವನು ಪ್ರತಿ ಸಲ ಬೇರೆ ಕಡೆಯಿಂದ ಬರಲಿ.

ನೋಡಿಯೂ ಕೆಡುತ್ತಿದ್ದರೆ ಪಾದ ನೋಡಿ. ಪಕ್‌ಗೆ ನೇರ ಹೋಗಿ ಗೋಡೆಗೆ ಮುಖ ಮಾಡಿ ನಿಂತರೆ ಮುಂದೆ ಹೋಗಲು ದಾರಿ ಇರುವುದಿಲ್ಲ. ಸ್ವಲ್ಪ ಬಳಸಿಕೊಂಡು ಬಂದು, ಪಕ್ ಸಿಗುವ ಹೊತ್ತಿಗೆ ಪಾದದ ಬೆರಳುಗಳು ಆಗಲೇ ಮೇಲಿನ ಕಡೆ ತಿರುಗಿರಬೇಕು. ಬರುವಾಗ ಒಂದು ಭುಜ ಸುಳ್ಳಾಗಿ ಬಾಗಿಸಿದರೂ ಫೋರ್‌ಚೆಕರ್ ಅರ್ಧ ಹೆಜ್ಜೆ ತಪ್ಪುತ್ತಾನೆ. ಆ ಅರ್ಧ ಹೆಜ್ಜೆಯಲ್ಲೇ ಪಾಸ್ ಹೋಗಬೇಕು.

ಇನ್ನು ಮಾತು. ಎರಡನೇ ಡಿಫೆಂಡರ್‌ಗೆ ಇಡೀ ಚಿತ್ರ ಕಾಣುತ್ತಿರುತ್ತದೆ, ಮೊದಲಿನವಳಿಗೆ ಗೋಡೆ ಮಾತ್ರ. ಹಾಗಾಗಿ ಹೇಳಬೇಕಾದವನು ಎರಡನೆಯವನು, ಅದೂ ಒಂದೇ ಪದದಲ್ಲಿ. "ಅಪ್" ಅಂದರೆ ಅದೇ ಬದಿಯ ವಿಂಗರ್‌ಗೆ ಕೊಡು. "ಓವರ್" ಅಂದರೆ ಗೋಲಿನ ಹಿಂದಿನಿಂದ ನನಗೆ ದಾಟಿಸು. "ವೀಲ್" ಅಂದರೆ ನೀನೇ ಗೋಲ್ ಸುತ್ತಿಕೊಂಡು ಹೋಗು. "ರಿವರ್ಸ್" ಅಂದರೆ ಎದುರಾಳಿ ನಿನ್ನ ಬೆನ್ನಿಗೆ ಬಿದ್ದಿದ್ದಾನೆ, ಬಂದ ಕಡೆಗೇ ಗೋಡೆಗೆ ತಾಗಿಸಿ ಹಿಂದಕ್ಕೆ ಬಿಡು, ನಾನು ಅಲ್ಲಿದ್ದೇನೆ. ನಿಮ್ಮ ತಂಡಕ್ಕೆ ಬೇರೆ ಪದ ಹಿತವಾದರೆ ಅದನ್ನೇ ಇಟ್ಟುಕೊಳ್ಳಿ. ಪಕ್ ಮುಟ್ಟುವ ಮೊದಲೇ ಕಿವಿಗೆ ಬೀಳಬೇಕು ಅನ್ನುವುದು ಮುಖ್ಯ. ಪರೀಕ್ಷೆ ಸುಲಭ: ಡ್ರಿಲ್ ನಡೆಯುವಾಗ ಕಣ್ಣು ಮುಚ್ಚಿ. ಏನೂ ಕೇಳಿಸದಿದ್ದರೆ ದೋಷ ಸಿಕ್ಕಿತು.

ಓವರ್ ಮತ್ತು ರಿವರ್ಸ್ ಮಾತ್ರ ಕೆಡುತ್ತಿದ್ದರೆ

ಎರಡನೇ ಡಿಫೆಂಡರ್ ಗೋಲಿನ ಮುಂದೆ ನಿಂತು ನೋಡುತ್ತಿರುತ್ತಾನೆ. ಓವರ್ ಕೂಗಿದವನು ಗೋಲ್ ಗೆರೆಯ ಕೆಳಗೆ ಇಳಿದು, ಆಚೆ ಮೂಲೆಯ ಕಡೆಗೆ ಅಗಲವಾಗಿ ಸರಿದಿರಬೇಕು. ಗೋಲ್ ಕಂಬಕ್ಕೆ ಅಂಟಿಕೊಂಡರೆ ಪಾಸ್ ಬಲೆಗೋ ಗೋಲಿಯ (ಗೋಲ್ ಕಾಯುವವನ) ಸ್ಕೇಟಿಗೋ ತಾಗುತ್ತದೆ. ಎನ್‌ಎಚ್‌ಎಲ್ (ಉತ್ತರ ಅಮೆರಿಕದ ವೃತ್ತಿಪರ ಲೀಗ್) ಅಳತೆಯ ರಿಂಕಿನಲ್ಲಿ ಗೋಲ್ ಗೆರೆಗೂ ಹಿಂದಿನ ಗೋಡೆಗೂ ನಡುವೆ ಇರುವುದು 11 ಅಡಿ. ಜಾಗ ಕಡಿಮೆ, ಹಾಗಾಗಿ ಅಗಲ ಬೇಕು.

ಗೋಲಿಯನ್ನೂ ಡ್ರಿಲ್‌ನಲ್ಲಿ ಸೇರಿಸಿ. ಗೋಡೆಗುಂಟ ಸುತ್ತಿ ಬರುವ ಪಕ್ ಅನ್ನು ಗೋಲಿ ಹಿಂದೆ ಹೋಗಿ ನಿಲ್ಲಿಸಿಕೊಟ್ಟರೆ ಡಿಫೆಂಡರ್‌ಗೆ ಒಂದು ಪೂರ್ತಿ ಸೆಕೆಂಡ್ ಉಳಿಯುತ್ತದೆ. ನಿಲ್ಲಿಸುವಾಗ ಗೋಡೆಯಿಂದ ಸ್ವಲ್ಪ ಈಚೆಗೆ ಬಿಡಬೇಕು. ಗೋಡೆಗೆ ಒತ್ತಿ ಬಿಟ್ಟರೆ ಅದನ್ನು ಎತ್ತಿಕೊಳ್ಳುವುದೇ ಕಷ್ಟ.

ಪಾಸ್ ಸರಿಯಾಗಿ ಹೋಯಿತು, ಆದರೂ ಗೋಡೆಯಲ್ಲಿ ಸತ್ತಿತು

ಈಗ ವಿಂಗರ್‌ನ ಸರದಿ. ಪಾಸ್ ಹೊರಡುವ ಕ್ಷಣದಲ್ಲಿ ಅವನು ಎಲ್ಲಿದ್ದ ನೋಡಿ. ಫೇಸ್‌ಆಫ್ (ಪಕ್ ಬಿಟ್ಟು ಆಟ ಶುರು ಮಾಡುವ) ವೃತ್ತದ ಪಕ್ಕದಲ್ಲಿ ಚಿಕ್ಕ ಹ್ಯಾಶ್ ಗೆರೆಗಳಿರುತ್ತವಲ್ಲ, ಅವುಗಳ ನೇರಕ್ಕೆ ಗೋಡೆಯ ಹತ್ತಿರ ಇದ್ದರೆ ಸರಿ. ಅದಕ್ಕಿಂತ ಮೇಲೆ, ನೀಲಿ ಗೆರೆಯ ಹತ್ತಿರ ನಿಂತಿದ್ದರೆ ಪಾಸ್ ಉದ್ದವಾಗುತ್ತದೆ, ಎದುರಾಳಿ ಡಿಫೆಂಡರ್ ಒಂದೇ ಹೆಜ್ಜೆ ಇಳಿದು ಕಸಿದುಕೊಳ್ಳುತ್ತಾನೆ.

ಆಮೇಲೆ ಬೆನ್ನು. ಬೆನ್ನು ಗೋಡೆಯ ಕಡೆ, ಎದೆ ರಿಂಕಿನ ಕಡೆ ಇರಬೇಕು. ಆಗ ಪಕ್ ಬರುವುದೂ ಕಾಣುತ್ತದೆ, ಮೇಲಿನಿಂದ ಇಳಿಯುವ ಎದುರಾಳಿಯೂ ಕಾಣುತ್ತಾನೆ. ಗೋಡೆಗೆ ಮುಖ ಮಾಡಿದ ಆಟಗಾರ ಹಿಂದಿನಿಂದ ಪೆಟ್ಟು ತಿನ್ನುತ್ತಾನೆ. ಇದು ಆಟಕ್ಕಿಂತ ಮೊದಲು ಸುರಕ್ಷತೆಯ ಮಾತು, ಇಲ್ಲಿ ರಾಜಿ ಬೇಡ.

ಮೂರನೆಯದು ಸ್ಟಿಕ್. ಹತ್ತಿರ ಹೋಗಿ ಬ್ಲೇಡ್ ನೋಡಿ. ಕಾಯುವಾಗ ಅದು ಮಂಜುಗಡ್ಡೆಯಿಂದ ಎರಡು ಬೆರಳಷ್ಟು ಮೇಲಿರುತ್ತದೆ. ಪಕ್‌ನ ದಪ್ಪ 1 ಇಂಚು. ಅದು ಸಲೀಸಾಗಿ ಕೆಳಗಿಂದ ನುಸುಳಿ ಹೋಗುತ್ತದೆ. "ಪಾಸ್ ಜೋರಾಗಿತ್ತು" ಅನ್ನುತ್ತಾನೆ ವಿಂಗರ್. ಜೋರಾಗಿರಲಿಲ್ಲ, ಬ್ಲೇಡ್ ಕೆಳಗಿರಲಿಲ್ಲ.

ಇಷ್ಟೆಲ್ಲ ಸರಿಯಿದ್ದೂ ಪಂದ್ಯದಲ್ಲಿ ಕೆಡುತ್ತಿದ್ದರೆ ನಿಮ್ಮ ಡ್ರಿಲ್‌ನಲ್ಲಿ ಒಬ್ಬ ಕಡಿಮೆ ಇದ್ದಾನೆ. ಪಂದ್ಯದಲ್ಲಿ ಎದುರಾಳಿಯ ಡಿಫೆಂಡರ್ ನೀಲಿ ಗೆರೆಯಿಂದ ಗೋಡೆಗುಂಟ ಇಳಿದು ವಿಂಗರ್ ಮೇಲೆ ಬೀಳುತ್ತಾನೆ. ಅಭ್ಯಾಸದಲ್ಲಿ ಆ ಮನುಷ್ಯ ಇರುವುದೇ ಇಲ್ಲ. ಅಲ್ಲೊಬ್ಬನನ್ನು ನಿಲ್ಲಿಸಿ. ಮೂರರಲ್ಲಿ ಒಂದು ಸಲ ಇಳಿಯಲಿ, ಉಳಿದ ಸಲ ಹಿಂದೆ ಸರಿಯಲಿ. ಅವನು ಇಳಿದರೆ ಒಂದೇ ಮುಟ್ಟಿಗೆ ಸೆಂಟರ್‌ಗೆ ತಳ್ಳಬೇಕು, ಇಲ್ಲವೇ ಗೋಡೆಗೆ ತಾಗಿಸಿ ಅವನನ್ನು ದಾಟಿಸಬೇಕು. ಇಳಿಯದಿದ್ದರೆ ಪಕ್ ತೆಗೆದುಕೊಂಡು ತಾನೇ ಹೋಗಬೇಕು. ಇದನ್ನು ಓದಲು ಕಲಿಯುವುದಕ್ಕೆ ಇಳಿಯುವವನು ಒಬ್ಬ ಬೇಕೇ ಬೇಕು.

ಸೆಂಟರ್ ಬೇಗ ಓಡಿಹೋಗುತ್ತಾನೆ

ಇದಕ್ಕೆ ಕಾರಣ ಬಹುತೇಕ ನಮ್ಮ ಡ್ರಿಲ್ಲೇ. ಎದುರಾಳಿ ಇಲ್ಲದ ಬ್ರೇಕ್‌ಔಟ್‌ನಲ್ಲಿ ಪಕ್ ಎಲ್ಲಿಗೆ ಹೋಗುತ್ತದೆ ಅಂತ ಸೆಂಟರ್‌ಗೆ ಮೊದಲೇ ಗೊತ್ತು. ಶಿಳ್ಳೆ ಕೇಳಿದ ಕೂಡಲೇ ಬಾಣದ ಗುರುತಿನ ತುದಿಗೆ ಓಡುತ್ತಾನೆ. ಹಾಗೆ ನೂರು ಸಲ ಮಾಡಿಸಿ ನಾವೇ ಅದನ್ನು ಅಭ್ಯಾಸ ಮಾಡಿಸಿಬಿಟ್ಟಿದ್ದೇವೆ.

ಸೆಂಟರ್ ಪಕ್‌ಗಿಂತ ಕೆಳಗಿರಬೇಕು, ಇಲ್ಲವೇ ಅದರ ನೇರಕ್ಕಿರಬೇಕು. ಕೆಳಗೆ ನಿಧಾನ, ಮೇಲೆ ವೇಗ. ಗೋಲಿನ ಮುಂದೆ ತಾಳ್ಮೆಯಿಂದ ಸುತ್ತು ತೆಗೆದುಕೊಂಡು, ಪಾಸ್ ಹೊರಟಾಗ ವೇಗ ಹೆಚ್ಚಿಸಬೇಕು. ಆಗ ವಿಂಗರ್ ಒತ್ತಡದಲ್ಲಿದ್ದರೆ ಒಳಗಡೆ ಒಂದು ಚಿಕ್ಕ ಪಾಸ್ ಸಿಗುತ್ತದೆ. ಪಕ್ ಕಳೆದರೂ ಗೋಲಿನ ಮುಂದೆ ಒಬ್ಬನಾದರೂ ಇರುತ್ತಾನೆ.

ನಾನು ಒಂದು ನಿಯಮ ಹಾಕುತ್ತೇನೆ: ಡಿಫೆಂಡರ್ ತಲೆ ಎತ್ತಿ ಮೇಲಕ್ಕೆ ನೋಡುವವರೆಗೆ ಸೆಂಟರ್ ಫೇಸ್‌ಆಫ್ ಚುಕ್ಕಿ ದಾಟುವಂತಿಲ್ಲ. ಯಾವ ಬಗೆಯ ಬ್ರೇಕ್‌ಔಟ್ ಅಂತ ಮೊದಲೇ ಹೇಳುವುದಿಲ್ಲ. ಮೊದಲ ಎರಡು ದಿನ ತುಂಬ ಗೊಂದಲವಾಗುತ್ತದೆ, ಆಟಗಾರರು ಮುಖ ಸಿಂಡರಿಸುತ್ತಾರೆ. ಬಿಡಬೇಡಿ. ಮೂರನೇ ದಿನ ಸೆಂಟರ್ ಡಿಫೆಂಡರ್‌ನ ಮುಖ ನೋಡಲು ಶುರು ಮಾಡುತ್ತಾನೆ. ಆ ನೋಟ ಕಂಡಾಗ ನನಗೆ ಗೋಲು ಬಂದಷ್ಟೇ ಖುಷಿ.

ಹೊರಗೆ ಬಂತು, ಮಧ್ಯ ವಲಯದಲ್ಲಿ ನಿಂತಿತು

ಎರಡು ನೀಲಿ ಗೆರೆಗಳ ನಡುವೆ ಎನ್‌ಎಚ್‌ಎಲ್ ರಿಂಕಿನಲ್ಲಿ 50 ಅಡಿ ಇದೆ. ಇಷ್ಟು ಚಿಕ್ಕ ಜಾಗದಲ್ಲಿ ಆಟ ಒಂದು ದಿಕ್ಕಿನಿಂದ ಇನ್ನೊಂದಕ್ಕೆ ಮಗುಚುತ್ತದೆ. ಇಲ್ಲಿ ಕಾಣುವ ತೊಂದರೆಗಳಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ.

ಒಂದು, ಮೂವರು ಫಾರ್ವರ್ಡ್‌ಗಳೂ ಆಚೆ ನೀಲಿ ಗೆರೆಯಲ್ಲಿ ನಿಂತು ಪಾಸ್ ಕೇಳುತ್ತಿರುತ್ತಾರೆ. ಎರಡು ಗೆರೆ, ಅಂದರೆ ನಮ್ಮ ನೀಲಿ ಗೆರೆ ಮತ್ತು ಮಧ್ಯದ ಕೆಂಪು ಗೆರೆ, ದಾಟುವ ಪಾಸ್ ಮೊದಲು ನಿಷಿದ್ಧವಾಗಿತ್ತು. ಅಂತಾರಾಷ್ಟ್ರೀಯ ಫೆಡರೇಷನ್ 1998ರಲ್ಲಿ, ಎನ್‌ಎಚ್‌ಎಲ್ 2005-06ರ ಋತುವಿನಿಂದ ಆ ನಿಯಮ ತೆಗೆದವು. ಉದ್ದ ಪಾಸ್‌ಗೆ ದಾರಿಯೇನೋ ತೆರೆಯಿತು, ಆದರೆ ಎಲ್ಲರೂ ಉದ್ದಕ್ಕೇ ನಿಂತರೆ ಹತ್ತಿರದಲ್ಲಿ ಯಾರೂ ಇರುವುದಿಲ್ಲ. ಒಬ್ಬ ಮಾತ್ರ ಉದ್ದಕ್ಕೆ ಹೋಗಲಿ, ಒಬ್ಬ ಗೋಡೆಯ ಹತ್ತಿರ ಇರಲಿ, ಸೆಂಟರ್ ಪಕ್‌ನ ಕೆಳಗಿನಿಂದ ಸುತ್ತಿ ವೇಗ ಹಿಡಿದು ಬರಲಿ. ನಿಂತ ಸ್ಕೇಟಿನಲ್ಲಿ ಪಾಸ್ ಹಿಡಿದವನು ಮುಂದಿನ ಹೆಜ್ಜೆ ಇಡುವ ಮೊದಲೇ ಎದುರಾಳಿ ಬಂದಿರುತ್ತಾನೆ. ಪದೇ ಪದೇ ಆಫ್‌ಸೈಡ್ (ಪಕ್‌ಗಿಂತ ಮೊದಲು ಆಟಗಾರ ಆಚೆ ನೀಲಿ ಗೆರೆ ದಾಟುವುದು) ಆಗುತ್ತಿದ್ದರೂ ಇದೇ ಕಾರಣ: ನೇರಕ್ಕೆ ಓಡಿ ಗೆರೆಯಲ್ಲಿ ಬ್ರೇಕ್ ಹಾಕುವ ಬದಲು ಗೆರೆಗುಂಟ ಬಾಗಿ ಬಂದರೆ ವೇಗವೂ ಉಳಿಯುತ್ತದೆ, ಪಕ್ ಮೊದಲು ದಾಟುವುದಕ್ಕೆ ಸಮಯವೂ ಸಿಗುತ್ತದೆ.

ಎರಡನೆಯದು ಇನ್ನೂ ಆಳದ್ದು. ಪಕ್ ಕೈ ಬದಲಾದಾಗ ತಲೆ ಬದಲಾಗುವುದಿಲ್ಲ. ದಾಳಿ ಮಾಡಿದವರು ಗೋಲಿಗೆ ಹೊಡೆದ ಮೇಲೆ ಏನು ಮಾಡುತ್ತಾರೆ ನೋಡಿ. ಹೆಗಲು ಇಳಿಯುತ್ತದೆ, ಸ್ಟಿಕ್ ಒಂದೇ ಕೈಗೆ ಬರುತ್ತದೆ, ಮೂಲೆಯ ಕಡೆ ಜಾರುತ್ತಾ ಸಾಲಿಗೆ ವಾಪಸ್ ಹೋಗುತ್ತಾರೆ. ಯಾಕೆ? ಡ್ರಿಲ್ ಅಲ್ಲಿಗೆ ಮುಗಿಯುತ್ತದೆ ಅಂತ ನಾವೇ ಕಲಿಸಿದ್ದೇವೆ. ಪಂದ್ಯದಲ್ಲಿ ಅದೇ ಜಾಗದಿಂದ ಎದುರಾಳಿಯ ದಾಳಿ ಶುರುವಾಗುತ್ತದೆ.

ಹಾಗಾಗಿ ಹೊಡೆತದಲ್ಲಿ ಮುಗಿಯುವ ಡ್ರಿಲ್‌ಗಳನ್ನು ನಾನು ಬಹುಮಟ್ಟಿಗೆ ಬಿಟ್ಟುಬಿಟ್ಟಿದ್ದೇನೆ. ಮೂವರು ಇಬ್ಬರ ಮೇಲೆ ದಾಳಿ ಮಾಡಲಿ. ಹೊಡೆತವಾದ ಕೂಡಲೇ ನಾನು ಮೂಲೆಗೆ ಎರಡನೇ ಪಕ್ ಎಸೆಯುತ್ತೇನೆ. ಆ ಇಬ್ಬರು ಡಿಫೆಂಡರ್‌ಗಳು ಅದನ್ನು ತೆಗೆದು ಕಾಯುತ್ತಿರುವ ಹೊಸ ಮೂವರಿಗೆ ಬ್ರೇಕ್‌ಔಟ್ ಪಾಸ್ ಕೊಡಬೇಕು. ಈಗಷ್ಟೇ ದಾಳಿ ಮಾಡಿದವರಲ್ಲಿ ಒಬ್ಬ ಫೋರ್‌ಚೆಕ್ ಮಾಡಬೇಕು, ಉಳಿದಿಬ್ಬರು ಹಿಂದಕ್ಕೆ ಓಡಿ ರಕ್ಷಿಸಬೇಕು. ಶಿಳ್ಳೆ ಇಲ್ಲ. ಎಸೆದ ಪಕ್‌ನ ಸದ್ದೇ ಶಿಳ್ಳೆ. ನಲವತ್ತೈದು ಸೆಕೆಂಡಿನಷ್ಟು ಹೊತ್ತು ಸಾಕು, ಪಂದ್ಯದಲ್ಲಿ ಒಂದು ಶಿಫ್ಟ್ (ಬೆಂಚಿಗೆ ಮರಳುವವರೆಗಿನ ಸರದಿ) ಇರುವುದೂ ಸುಮಾರು ಅಷ್ಟೇ. ಜಾಸ್ತಿ ಎಳೆದರೆ ಕಾಲು ಸೋತು ತಪ್ಪೇ ರೂಢಿಯಾಗುತ್ತದೆ.

ಕೂಡಲೇ ನುಗ್ಗಬೇಕಾ, ಹಿಂದಕ್ಕೆ ಡಿಫೆಂಡರ್‌ಗೆ ಕೊಟ್ಟು ಮತ್ತೆ ಕಟ್ಟಿಕೊಂಡು ಬರಬೇಕಾ ಅನ್ನುವ ತೀರ್ಮಾನವನ್ನೂ ಇಲ್ಲೇ ಕಲಿಸಬಹುದು. ಎದುರಿಗೆ ಇರುವವರು ಚದುರಿದ್ದರೆ ನುಗ್ಗು. ಸಾಲಾಗಿ ನಿಂತಿದ್ದರೆ ಹಿಂದಕ್ಕೆ ಕೊಡು. ಹಿಂದೆ ತೆಗೆದುಕೊಳ್ಳುವ ಡಿಫೆಂಡರ್ ಪಕ್ ಇಟ್ಟುಕೊಂಡು ನಿಲ್ಲಬಾರದು. ಮನಸ್ಸಿನಲ್ಲಿ "ಒಂದು, ಎರಡು" ಎಣಿಸಿ. ಮೂರಕ್ಕೆ ಬಂದರೆ ಎದುರಾಳಿಗಳು ಮತ್ತೆ ಸಾಲು ಕಟ್ಟಿರುತ್ತಾರೆ.

ಆಟಗಾರರದ್ದಲ್ಲ, ಅಭ್ಯಾಸದ್ದೇ ತೊಂದರೆ ಇರಬಹುದು

ಅಭ್ಯಾಸದ ಶುರುವಿಗೆ ಚೆನ್ನಾಗಿದ್ದ ಡ್ರಿಲ್ ಕೊನೆಗೆ ಕೆಟ್ಟರೆ ಮಂಜುಗಡ್ಡೆ ನೋಡಿ. ಸ್ಕೇಟು ಕೆರೆದ ಹುಡಿ ಕೂತು ಪಾಸ್ ನಿಧಾನವಾಗುತ್ತದೆ. ನಿಖರ ಪಾಸ್ ಬೇಕಾದ ಡ್ರಿಲ್ ಮೊದಲು ಹಾಕಿ, ಚಿಕ್ಕ ಜಾಗದ ಆಟಗಳು ಆಮೇಲೆ. ಪಕ್ ಜಾಸ್ತಿ ಪುಟಿಯುತ್ತಿದ್ದರೆ ಅದು ಬೆಚ್ಚಗಿರುತ್ತದೆ. ಪಂದ್ಯದ ಪಕ್‌ಗಳನ್ನು ಪುಟಿಯದಿರಲಿ ಅಂತ ಮೊದಲೇ ತಣಿಸಿಡುತ್ತಾರೆ. ಅಭ್ಯಾಸದ ಪಕ್‌ಗಳ ಬಕೆಟ್ಟನ್ನೂ ಒಂದಷ್ಟು ಹೊತ್ತು ಮುಂಚೆ ತಂಪಿನಲ್ಲಿಡಿ.

ರಿಂಕ್ ಬದಲಾದರೂ ಅಳತೆ ಬದಲಾಗುತ್ತದೆ. ಎನ್‌ಎಚ್‌ಎಲ್ ರಿಂಕ್ 200 ಅಡಿ ಉದ್ದ, 85 ಅಡಿ ಅಗಲ, ಅಂದರೆ ಸುಮಾರು 61 ಮತ್ತು 26 ಮೀಟರ್. 30 ಮೀಟರ್ ಅಗಲದ ರಿಂಕುಗಳೂ ಇವೆ. ಅಲ್ಲಿ ಗೋಡೆಯಿಂದ ಮಧ್ಯಕ್ಕೆ ಪಾಸ್ 2 ಮೀಟರ್ ಉದ್ದವಾಗುತ್ತದೆ. ಸೆಂಟರ್ ಸ್ವಲ್ಪ ಗೋಡೆಯ ಕಡೆ ಸರಿಯಬೇಕು.

ಸಾಲು ಉದ್ದವಾಗಿದ್ದರೆ ಎರಡೂ ತುದಿಯಲ್ಲಿ ಡ್ರಿಲ್ ಓಡಿಸಿ. ಹಲಗೆಯ ಮುಂದೆ ಒಂದು ನಿಮಿಷಕ್ಕಿಂತ ಹೆಚ್ಚು ಮಾತು ಬೇಡ. ತೀರಾ ಚಿಕ್ಕ ಮಕ್ಕಳಾದರೆ ಈ ಬಾಣದ ಗುರುತುಗಳೇ ಬೇಡ. ಅರ್ಧ ರಿಂಕಿನಲ್ಲಿ ಮೂವರ ಮೇಲೆ ಮೂವರನ್ನು ಬಿಡಿ, ಭುಜದ ಮೇಲಿಂದ ನೋಡುವುದನ್ನು ಮಾತ್ರ ಕಲಿಸಿ.

ಸರಿಹೋಯಿತಾ ಅಂತ ನೋಡುವುದು

ಒಂದು ಅಭ್ಯಾಸದಲ್ಲಿ ಒಂದೇ ದೋಷ ಹಿಡಿಯಿರಿ. ಒಟ್ಟಿಗೆ ಮೂರು ಬದಲಿಸಿದರೆ ಯಾವುದರಿಂದ ಗುಣವಾಯಿತು ಗೊತ್ತಾಗುವುದಿಲ್ಲ.

ಮುಂದಿನ ಪಂದ್ಯದಲ್ಲಿ ಬೆಂಚಿನ ಮೇಲೆ ಒಂದು ಕಾಗದ ಇಟ್ಟುಕೊಳ್ಳಿ. ಅದರಲ್ಲಿ ಮೂರು ಕಂಬ ಎಳೆಯಿರಿ: ಪಕ್ ನಮ್ಮ ಸ್ಟಿಕ್ಕಿನಲ್ಲೇ ಹೊರಬಂತು, ಸುಮ್ನೆ ಹೊರಗೆ ಎಸೆದೆವು, ಒಳಗೇ ಕಳೆದುಕೊಂಡೆವು. ಪ್ರತಿ ಸಲ ಒಂದು ಗೀಟು. ಮೂರನೇ ಕಂಬದಲ್ಲಿ ಗೀಟು ಹಾಕುವಾಗ ಪಕ್ಕದಲ್ಲಿ ಎರಡು ಅಕ್ಷರ ಬರೆಯಿರಿ: ಡಿಫೆಂಡರ್ ನೋಡಿದ್ದಳಾ, ಯಾರಾದರೂ ಕೂಗಿದ್ದರಾ. ಪಂದ್ಯ ಮುಗಿದ ಮೇಲೆ ಆ ಕಾಗದವನ್ನು ಮೊದಲು ವಿಂಗರ್‌ಗಳಿಗೆ ತೋರಿಸಿ.